2147483647ನ್ನು ಬಿಚ್ಚಿ ನೋಡುವುದು ಹೇಗೆ? ಪೆನ್ನು, ಹಾಳೆ, ಕ್ಯಾಲ್ಕುಲೇಟರ್ ಸಾಕು

ಒಂದು ದೊಡ್ಡ ಸಂಖ್ಯೆ ಕೊಟ್ಟು ಇದು ಅವಿಭಾಜ್ಯವಾ ಅಂತ ಕೇಳಿದರೆ ಈಗ ಎಲ್ಲರೂ ಮಾಡುವುದು ಒಂದೇ ಕೆಲಸ. ಯಾವುದೋ ಆ್ಯಪ್‌ಗೆ ಹಾಕುತ್ತಾರೆ, ಹೌದು ಅಂತ ಬರುತ್ತದೆ, ಅಲ್ಲಿಗೆ ಮುಗಿಯಿತು. ಉತ್ತರವೇನೋ ಸರಿ. ಆದರೆ ಆ ಸಂಖ್ಯೆಯ ಬಗ್ಗೆ ನಿಮಗೆ ಏನೂ ಗೊತ್ತಾಗಿರುವುದಿಲ್ಲ.

ನಾನು ಇಲ್ಲಿ ಒಂದೇ ಸಂಖ್ಯೆ ಹಿಡಿದುಕೊಂಡು ಹೋಗುತ್ತೇನೆ: 2147483647. ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಇದು ಅವಿಭಾಜ್ಯ, ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲ. ಇಷ್ಟು ಗೊತ್ತಿದ್ದೂ ಇದನ್ನು ಬಿಚ್ಚಿ ನೋಡುವುದು ಹೇಗೆ ಅನ್ನುವುದೇ ಇಲ್ಲಿನ ವಿಷಯ. ಶಾಲೆಯಲ್ಲಿ ಕಲಿತ ಭಾಗಾಕಾರ, ವರ್ಗ, ಘಾತ ನೆನಪಿದ್ದರೆ ಸಾಕು.

ಮೊದಲು ಆಕಾರ ನೋಡಿ

ದೊಡ್ಡ ಸಂಖ್ಯೆ ಕೈಗೆ ಬಂದ ತಕ್ಷಣ ಭಾಗಿಸಲು ಕೂರಬೇಡಿ. ಅದಕ್ಕೆ ಒಂದು ಕೂಡಿಸಿ ನೋಡಿ, ಒಂದು ಕಳೆದು ನೋಡಿ. ಬಹಳ ಸಲ ಗುಟ್ಟು ಪಕ್ಕದ ಮನೆಯಲ್ಲೇ ಇರುತ್ತದೆ. ನಮ್ಮ ಸಂಖ್ಯೆಗೆ ಒಂದು ಕೂಡಿಸಿದರೆ 2147483648. ಅದನ್ನು ಅರ್ಧ ಮಾಡುತ್ತಾ ಹೋಗಿ: 1073741824, 536870912, 268435456... ಎಲ್ಲೂ ಬೆಸ ಸಂಖ್ಯೆ ಸಿಗದೆ ಸರಿಯಾಗಿ 31 ಸಲಕ್ಕೆ 1ಕ್ಕೆ ಬಂದು ನಿಲ್ಲುತ್ತದೆ. ಅಂದರೆ ನಮ್ಮ ಸಂಖ್ಯೆ 2³¹ − 1.

2ರ ಘಾತಕ್ಕಿಂತ ಒಂದು ಕಡಿಮೆ ಇರುವ ಇಂಥ ಅವಿಭಾಜ್ಯಗಳಿಗೆ ಮರ್ಸೆನ್ ಅವಿಭಾಜ್ಯ ಅನ್ನುತ್ತಾರೆ. ಮರ್ಸೆನ್ 1644ರಲ್ಲಿ ಇಂಥವುಗಳ ಒಂದು ಪಟ್ಟಿ ಕೊಟ್ಟಿದ್ದ ಫ್ರೆಂಚ್ ಪಾದ್ರಿ. ಪಟ್ಟಿಯ ಘಾತಾಂಕಗಳಲ್ಲಿ 31 ಸರಿಯಾಗಿತ್ತು, 67 ಮತ್ತು 257 ತಪ್ಪಾಗಿದ್ದವು, 61, 89, 107 ಬಿಟ್ಟೇ ಹೋಗಿದ್ದವು. ಹೆಸರು ಮಾತ್ರ ಅವನದೇ ಉಳಿಯಿತು.

ಬೈನರಿಯಲ್ಲಿ (0 ಮತ್ತು 1 ಮಾತ್ರ ಬಳಸುವ ಪದ್ಧತಿ, ಅದರ ಒಂದೊಂದು ಅಂಕಿಯೇ ಒಂದು ಬಿಟ್) ಬರೆದರೆ ಈ ಸಂಖ್ಯೆ ಸಾಲಾಗಿ 31 ಒಂದುಗಳು, ಮಧ್ಯೆ ಒಂದು ಸೊನ್ನೆಯೂ ಇಲ್ಲ. ಪ್ರೋಗ್ರಾಮ್ ಬರೆಯುವವರಿಗೆ ಇದು ಪರಿಚಿತ ಮುಖ. 32 ಬಿಟ್‌ನಲ್ಲಿ ಒಂದನ್ನು ಧನ-ಋಣ ಚಿಹ್ನೆಗೆ ಬಿಟ್ಟರೆ ಹಿಡಿಸುವ ಅತಿ ದೊಡ್ಡ ಸಂಖ್ಯೆ ಇದೇ. 1970ರಿಂದ ಸೆಕೆಂಡು ಎಣಿಸುವ ಹಳೆಯ ಗಡಿಯಾರಗಳು 2038ರ ಜನವರಿ 19ರಂದು ಕೈಕೊಡುವುದೂ ಇದೇ ಸಂಖ್ಯೆ ಮುಟ್ಟಿದಾಗ. ಗಡಿ ಸಂಖ್ಯೆಗಳೆಲ್ಲ ಹೀಗೇ ಅವಿಭಾಜ್ಯ ಇರಬಹುದು ಅಂತ ಮಾತ್ರ ಅಂದುಕೊಳ್ಳಬೇಡಿ. 64 ಬಿಟ್‌ನ ಗಡಿ 2⁶³ − 1. ಅದು 7ರಿಂದ ಭಾಗವಾಗುತ್ತದೆ.

ಯಾಕೆ ಭಾಗವಾಗುತ್ತದೆ? ಇದನ್ನು ನೋಡಲು ಬೈನರಿಯೇ ಸುಲಭ. 2⁶ − 1 ಅಂದರೆ 63, ಬೈನರಿಯಲ್ಲಿ 111111. ಆರು ಒಂದುಗಳನ್ನು ಮೂರು ಮೂರರ ಎರಡು ಕಟ್ಟು ಮಾಡಬಹುದು: 111 ಮತ್ತು 111. ಹಾಗಾಗಿ 111111 = 111 × 1001. ದಶಮಾನ ಪದ್ಧತಿಯಲ್ಲಿ ಓದಿದರೂ ಈ ಗುಣಾಕಾರ ಸರಿ, ಬೈನರಿಯಲ್ಲಿ ಓದಿದರೂ ಸರಿ (7 × 9 = 63). ಅಂದರೆ ಒಂದುಗಳನ್ನು ಸಮನಾದ ಕಟ್ಟುಗಳಾಗಿ ಒಡೆಯಲು ಬಂದರೆ ಸಂಖ್ಯೆಯೂ ಒಡೆಯುತ್ತದೆ. 63 ಒಂದುಗಳನ್ನು ಮೂರು ಮೂರಾಗಿ ಕಟ್ಟಬಹುದು, ಆದ್ದರಿಂದ 7 ಒಳಗೆ ಕೂತಿದೆ. 31 ಒಂದುಗಳನ್ನು ಹಾಗೆ ಕಟ್ಟಲು ಬರುವುದಿಲ್ಲ, ಯಾಕೆಂದರೆ 31 ತಾನೇ ಅವಿಭಾಜ್ಯ.

ಇಲ್ಲೇ ಬಹಳ ಜನ ಮುಗ್ಗರಿಸುತ್ತಾರೆ. ಘಾತಾಂಕ ಅವಿಭಾಜ್ಯವಾದರೆ ಸಂಖ್ಯೆಯೂ ಅವಿಭಾಜ್ಯ ಅಂತ ತೀರ್ಮಾನಿಸಿಬಿಡುತ್ತಾರೆ. ಇಲ್ಲ. 2¹¹ − 1 = 2047 = 23 × 89. ಘಾತಾಂಕ ಅವಿಭಾಜ್ಯವಾಗಿರಲೇಬೇಕು, ಆದರೆ ಅಷ್ಟೇ ಸಾಲದು. ಈ 2047ನ್ನು ಮರೆಯಬೇಡಿ, ಮುಂದೆ ಇದೇ ನಮ್ಮನ್ನು ಮೋಸ ಮಾಡುತ್ತದೆ.

ಬರೆಯದೇ ಅಂಕಿ ಹೇಳುವುದು

ಆಕಾರ ಸಿಕ್ಕ ಮೇಲೆ ಕೆಲವು ಗುಣಗಳು ಪುಕ್ಕಟೆಯಾಗಿ ಸಿಗುತ್ತವೆ.

ಎಷ್ಟು ಅಂಕಿ? ಘಾತಾಂಕವನ್ನು 0.30103ರಿಂದ (2ರ ಲಾಗರಿದಂ) ಗುಣಿಸಿ. 31 × 0.30103 = 9.3319. ಪೂರ್ಣಭಾಗ 9ಕ್ಕೆ ಒಂದು ಕೂಡಿಸಿದರೆ 10 ಅಂಕಿ. ಉಳಿದ 0.3319ನ್ನು 10ರ ಘಾತವಾಗಿ ಏರಿಸಿದರೆ ಸುಮಾರು 2.147 ಬರುತ್ತದೆ. ಸಂಖ್ಯೆಯ ತಲೆ ಸಿಕ್ಕಿತು.

ಬಾಲಕ್ಕೆ ಇನ್ನೂ ಸುಲಭ. 2ರ ಘಾತಗಳ ಕೊನೆ ಅಂಕಿ 2, 4, 8, 6 ಅಂತ ನಾಲ್ಕರ ಸುತ್ತು ಹೊಡೆಯುತ್ತದೆ. 31ನ್ನು 4ರಿಂದ ಭಾಗಿಸಿದರೆ ಶೇಷ 3, ಮೂರನೆಯದು 8, ಒಂದು ಕಳೆದರೆ 7. ಕೊನೆಯ ಎರಡು ಅಂಕಿ ಬೇಕಿದ್ದರೆ ಸುತ್ತು 20ರದ್ದು: 31ರಲ್ಲಿ 20 ಕಳೆದರೆ 11, 2¹¹ ಅಂದರೆ 2048, ಕೊನೆಗೆ 48, ಒಂದು ಕಳೆದರೆ 47. ಮೂರು ಅಂಕಿಗೆ 100ರ ಸುತ್ತು.

9ರಿಂದ ಭಾಗಿಸಿದಾಗಿನ ಶೇಷಕ್ಕೆ ಆರರ ಸುತ್ತು: 2, 4, 8, 7, 5, 1. 31ನ್ನು 6ರಿಂದ ಭಾಗಿಸಿದರೆ ಶೇಷ 1. ಸುತ್ತಿನ ಮೊದಲನೆಯದು 2, ಒಂದು ಕಳೆದರೆ 1. ತಾಳೆ ನೋಡಬೇಕಾ? ಅಂಕಿಗಳನ್ನು ಕೂಡಿಸಿ. 2+1+4+7+4+8+3+6+4+7 = 46, 4+6 = 10, 1+0 = 1. ಸರಿಹೋಯಿತು. ಜೊತೆಗೆ ಇದು 3ರಿಂದ ಭಾಗವಾಗುವುದಿಲ್ಲ ಅಂತಲೂ ಗೊತ್ತಾಯಿತು.

ಈಗ ನಿಜವಾದ ಕೆಲಸ: ಅವಿಭಾಜ್ಯ ಅಂತ ಸಾಬೀತು ಮಾಡುವುದು

ಹಳೆಯ ದಾರಿ ಎಲ್ಲರಿಗೂ ಗೊತ್ತು. ವರ್ಗಮೂಲದವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡುವುದು. ನಮ್ಮ ಸಂಖ್ಯೆಯ ವರ್ಗಮೂಲ 46340ಕ್ಕೆ ಸ್ವಲ್ಪ ಜಾಸ್ತಿ. ಅಲ್ಲಿಯವರೆಗೆ 4792 ಅವಿಭಾಜ್ಯಗಳಿವೆ. ಕಂಪ್ಯೂಟರ್‌ಗೆ ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸ. ಕೈಯಲ್ಲಿ ಮಾಡಿದರೆ ತಿಂಗಳುಗಟ್ಟಲೆ.

1772ರಲ್ಲಿ ಗಣಿತಜ್ಞ ಆಯ್ಲರ್ ಇದು ಅವಿಭಾಜ್ಯ ಅಂತ ಸಾಬೀತು ಮಾಡಿದಾಗ ಕಂಪ್ಯೂಟರ್ ಇರಲಿಲ್ಲ. ಅಷ್ಟೇ ಅಲ್ಲ, ಆ ಹೊತ್ತಿಗೆ ಅವನ ಕಣ್ಣೂ ಬಹುತೇಕ ಹೋಗಿತ್ತು. ಅವನು ಮಾಡಿದ್ದು ಇಷ್ಟು: ಭಾಗಿಸುವ ಮೊದಲೇ, ಯಾವ ಭಾಜಕಗಳಿಗೆ ಒಳಗೆ ಬರುವ ಯೋಗ್ಯತೆಯೇ ಇಲ್ಲವೋ ಅವನ್ನೆಲ್ಲ ಬಾಗಿಲಲ್ಲೇ ತಡೆದ. ಈ ಭಾಗವನ್ನು ನಿಧಾನವಾಗಿ ಓದಿ, ಇಡೀ ಬರಹದಲ್ಲಿ ನನಗೆ ತುಂಬ ಇಷ್ಟವಾದದ್ದು ಇದೇ.

ಯಾವುದೋ ಒಂದು ಅವಿಭಾಜ್ಯ ನಮ್ಮ 2³¹ − 1ನ್ನು ಭಾಗಿಸುತ್ತದೆ ಅಂದುಕೊಳ್ಳಿ. ಅದನ್ನು ಕಳ್ಳ ಅಂತ ಕರೆಯೋಣ. ಕಳ್ಳನಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಂಡು 2, 4, 8, 16 ಅಂತ ದುಪ್ಪಟ್ಟು ಮಾಡುತ್ತಾ ಹೋದರೆ 31ನೇ ಹೆಜ್ಜೆಗೆ ಶೇಷ 1 ಬರಲೇಬೇಕು. ಅಂದರೆ ಸುತ್ತಿನ ಉದ್ದ 31ನ್ನು ಭಾಗಿಸಬೇಕು. 31 ಅವಿಭಾಜ್ಯ, ಒಂದೇ ಹೆಜ್ಜೆಯ ಸುತ್ತು ಸಾಧ್ಯವಿಲ್ಲ, ಆದ್ದರಿಂದ ಸುತ್ತಿನ ಉದ್ದ ಸರಿಯಾಗಿ 31. ಇನ್ನೊಂದು ಕಡೆ ಫರ್ಮಾನ ಪುಟ್ಟ ಪ್ರಮೇಯ ಹೇಳುವುದೇನೆಂದರೆ, ಕಳ್ಳನಿಗಿಂತ ಒಂದು ಕಡಿಮೆ ಹೆಜ್ಜೆ ಹಾಕಿದಾಗಲೂ ಶೇಷ 1ಕ್ಕೇ ಬರಬೇಕು. ಎರಡೂ ಸರಿ ಇರಬೇಕಾದರೆ ಕಳ್ಳನಲ್ಲಿ ಒಂದು ಕಳೆದರೆ ಉಳಿದದ್ದು 31ರಿಂದ ಭಾಗವಾಗಬೇಕು. ಕಳ್ಳ ಬೆಸ ಸಂಖ್ಯೆ, ಹಾಗಾಗಿ ಒಂದು ಕಳೆದರೆ ಸಮ. ಒಟ್ಟಿನಲ್ಲಿ 62ರಿಂದ ಭಾಗವಾಗಬೇಕು.

ಇದು ಮೊದಲ ಜರಡಿ. 2047ರಲ್ಲಿ ಪರೀಕ್ಷಿಸಿ ನೋಡಿ: ಅಲ್ಲಿ 31ರ ಬದಲು 11, 62ರ ಬದಲು 22. ಭಾಜಕಗಳು 23 ಮತ್ತು 89. ಒಂದು ಕಳೆದರೆ 22 ಮತ್ತು 88. ಪಕ್ಕಾ.

ಎರಡನೇ ಜರಡಿ ಇನ್ನೂ ಚೆಂದ. ಕಳ್ಳನ ಲೆಕ್ಕದಲ್ಲಿ 2³¹ ಅಂದರೆ 1, ಆದ್ದರಿಂದ 2³² ಅಂದರೆ 2. ಆದರೆ 2³² ಅನ್ನುವುದು 2¹⁶ರ ವರ್ಗ. ಅಂದರೆ ಕಳ್ಳನ ಲೋಕದಲ್ಲಿ 2 ಒಂದು ಪೂರ್ಣ ವರ್ಗ! ಹೀಗಾಗುವುದು 8ರಿಂದ ಭಾಗಿಸಿದಾಗ 1 ಅಥವಾ 7 ಶೇಷ ಬರುವ ಅವಿಭಾಜ್ಯಗಳಲ್ಲಿ ಮಾತ್ರ. ಇದನ್ನು ಇಲ್ಲಿ ಸಾಬೀತು ಮಾಡಲು ಹೋಗುವುದಿಲ್ಲ, ಹೋದರೆ ಬೇರೆಯೇ ಬರಹ ಆಗುತ್ತದೆ.

ಎರಡು ಜರಡಿ ಸೇರಿಸಿದರೆ ಉಳಿಯುವುದು 248ರ ಗುಣಕಕ್ಕೆ 1 ಅಥವಾ 63 ಕೂಡಿಸಿದ ಸಂಖ್ಯೆಗಳು ಮಾತ್ರ. ಬರೆಯುತ್ತಾ ಹೋಗಿ: 63, 249, 311, 497, 559, 745, 807, 993, 1055, 1241, 1303, 1489... ಇದರಲ್ಲೂ ಅವಿಭಾಜ್ಯವಲ್ಲದ್ದನ್ನು ಹೊಡೆದುಹಾಕಿ. 63 ಹೋಯಿತು, 249 ಅಂದರೆ 3 × 83, 497 ಅಂದರೆ 7 × 71, 559 ಅಂದರೆ 13 × 43. ಮೊದಲ ಹನ್ನೆರಡರಲ್ಲಿ ಉಳಿದದ್ದು 311, 1303, 1489 ಮೂರೇ. 46340ರವರೆಗೆ ಹೀಗೇ ಹೋದರೆ ಎಂಬತ್ತರ ಆಸುಪಾಸು ಭಾಜಕಗಳು ಉಳಿಯುತ್ತವೆ. 4792 ಎಲ್ಲಿ, ಎಂಬತ್ತು ಎಲ್ಲಿ!

ಭಾಗಾಕಾರಕ್ಕೂ ಒಂದು ಅಡ್ಡದಾರಿ ಇದೆ. ಹತ್ತು ಅಂಕಿಯ ಸಂಖ್ಯೆಯನ್ನು ಮುಟ್ಟಲೇಬೇಕಿಲ್ಲ. 2¹⁶ ಅಂದರೆ 65536. ಅದನ್ನು ಭಾಜಕದಿಂದ ಭಾಗಿಸಿ ಶೇಷ ತೆಗೆದುಕೊಳ್ಳಿ. ಶೇಷದ ವರ್ಗ ಮಾಡಿ, ಮತ್ತೆ ಭಾಗಿಸಿ. 2 ಬಂದರೆ ಕಳ್ಳ ಸಿಕ್ಕಿಬಿದ್ದ. ಬೇರೆ ಏನು ಬಂದರೂ ಅವನು ನಿರಪರಾಧಿ. 311ಕ್ಕೆ ಮಾಡೋಣ: 65536ನ್ನು ಭಾಗಿಸಿದರೆ ಶೇಷ 226. ಅದರ ವರ್ಗ 51076, ಶೇಷ 72. 2 ಅಲ್ಲ, ಬಿಡಿ. 1303ಕ್ಕೆ: ಶೇಷ 386, ವರ್ಗ 148996, ಶೇಷ 454. ಇದೂ ಅಲ್ಲ. ಸಾಧಾರಣ ಕ್ಯಾಲ್ಕುಲೇಟರ್‌ನಲ್ಲಿ ಒಂದಕ್ಕೆ ಅರ್ಧ ನಿಮಿಷ ಸಾಕು. ನಾನು ಒಂದು ಮಧ್ಯಾಹ್ನ ಕೂತು ಪೂರ್ತಿ ಪಟ್ಟಿ ಮಾಡಿದೆ. ಮಧ್ಯದಲ್ಲಿ ಒಂದು ಕಡೆ 2 ಬಂದು ಎದೆ ಧಸಕ್ಕೆಂದಿತು. ಮತ್ತೆ ನೋಡಿದರೆ ಭಾಜಕವನ್ನೇ ತಪ್ಪಾಗಿ ಒತ್ತಿದ್ದೆ.

ಈ ದಾರಿಯ ಬಲ ನೋಡಬೇಕಿದ್ದರೆ 2²³ − 1ನ್ನು ಹಿಡಿಯಿರಿ, ಅಂದರೆ 8388607. ಭಾಜಕದಲ್ಲಿ ಒಂದು ಕಳೆದರೆ 46ರಿಂದ ಭಾಗವಾಗಬೇಕು. ಮೊದಲ ಅಭ್ಯರ್ಥಿಯೇ 47. ಭಾಗಿಸಿದರೆ 178481, ಶೇಷವಿಲ್ಲ. ಒಂದೇ ಏಟಿಗೆ ಬಿತ್ತು.

ಎರಡನ್ನು ನಂಬಬೇಡಿ

ಭಾಗಾಕಾರವೇ ಬೇಡ, ಫರ್ಮಾನ ಪರೀಕ್ಷೆ ಮಾಡೋಣ ಅಂತ ನಿಮಗೆ ಅನ್ನಿಸಬಹುದು. ಪರೀಕ್ಷೆ ಸರಳ: 2ನ್ನು ಸಂಖ್ಯೆಗಿಂತ ಒಂದು ಕಡಿಮೆ ಘಾತಕ್ಕೆ ಏರಿಸಿ ಆ ಸಂಖ್ಯೆಯಿಂದ ಭಾಗಿಸಿ, ಶೇಷ 1 ಬರದಿದ್ದರೆ ಅದು ಖಂಡಿತ ಅವಿಭಾಜ್ಯವಲ್ಲ. ಬಂದರೆ ಇರಬಹುದು. ಸುಮ್ನೆ ಇರಬಹುದು ಅಷ್ಟೇ. 341 ಅಂದರೆ 11 × 31, ಆದರೂ ಪಾಸಾಗುತ್ತದೆ.

ನಮ್ಮ ಆಕಾರದ ಸಂಖ್ಯೆಗೆ ಈ ಪರೀಕ್ಷೆ ಪೂರ್ತಿ ದಂಡ. ಯಾಕೆ ಅಂತ 2047ರಲ್ಲಿ ನೋಡಿ. 2¹¹ನ್ನು 2047ರಿಂದ ಭಾಗಿಸಿದರೆ ಶೇಷ 1, ಅದು ಹುಟ್ಟಿದ್ದೇ ಹಾಗೆ. 2046 ಅಂದರೆ 11 × 186. ಆದ್ದರಿಂದ 2ರ 2046ನೇ ಘಾತಕ್ಕೂ ಶೇಷ 1. 23 × 89 ಆಗಿದ್ದೂ ರಾಜಾರೋಷವಾಗಿ ಪಾಸ್. ಘಾತಾಂಕ ಅವಿಭಾಜ್ಯವಾಗಿರುವ ಇಂಥ ಎಲ್ಲ ಸಂಖ್ಯೆಗಳ ಕಥೆಯೂ ಇದೇ. 2ರಿಂದ ಕಟ್ಟಿದ ಮನೆಗೆ 2ನ್ನೇ ಸಾಕ್ಷಿ ಕರೆದರೆ ಅದು ಮನೆಯವರ ಪರವಾಗಿಯೇ ಹೇಳುತ್ತದೆ ಅಲ್ವಾ. ಸುಧಾರಿತ ಮಿಲ್ಲರ್-ರಾಬಿನ್ ಪರೀಕ್ಷೆಯಲ್ಲೂ 2ನ್ನು ಮಾತ್ರ ಬಳಸಿದರೆ ಮೋಸಹೋಗುವ ಅತಿ ಚಿಕ್ಕ ಸಂಖ್ಯೆ ಈ 2047ನೇ.

ಹಾಗಾಗಿ 3ನ್ನು ಕರೆಯಿರಿ. ಇಲ್ಲಿ ಆಕಾರ ಮತ್ತೆ ಸಹಾಯಕ್ಕೆ ಬರುತ್ತದೆ. ಸಂಖ್ಯೆ ಅವಿಭಾಜ್ಯವಾದರೆ 3ನ್ನು ಸಂಖ್ಯೆಗಿಂತ ಒಂದು ಜಾಸ್ತಿ ಘಾತಕ್ಕೆ ಏರಿಸಿದಾಗ ಶೇಷ 9 ಬರಬೇಕು (ಒಂದು ಕಡಿಮೆ ಘಾತಕ್ಕೆ 1, ಇನ್ನೆರಡು ಸಲ 3ರಿಂದ ಗುಣಿಸಿದರೆ 9). ಒಂದು ಜಾಸ್ತಿ ಅಂದರೆ 2ರ ಘಾತ, ಅಂದರೆ 3ನ್ನು ಸುಮ್ಮನೆ ವರ್ಗ ಮಾಡುತ್ತಾ ಹೋದರೆ ಸಾಕು. 31ಕ್ಕೆ (2⁵ − 1) ಐದು ಸಲ: 9, 19, 20, 28, 9. ಒಂಬತ್ತು ಬಂತು. 2047ಕ್ಕೆ ಹನ್ನೊಂದು ಸಲ: 9, 81, 420, 358, 1250, 639, 968, 1545, 223, 601, 929. ಕೊನೆಗೆ 929. ಸಿಕ್ಕಿಬಿತ್ತು. ನಮ್ಮ ಸಂಖ್ಯೆಗಾದರೆ 31 ಸಲ ವರ್ಗ ಮಾಡಬೇಕು.

3 ಕೂಡ ಹರಿಶ್ಚಂದ್ರನೇನಲ್ಲ. 91 ಅಂದರೆ 7 × 13, ಅದು 3ರ ಮುಂದೆ ಪಾಸಾಗಿಬಿಡುತ್ತದೆ. ಪೂರ್ತಿ ಖಾತ್ರಿ ಬೇಕಿದ್ದರೆ ಮುಂದಿನದು.

ನಾಲ್ಕರಿಂದ ಶುರು, ಸೊನ್ನೆಗೆ ಅಂತ್ಯ

ಇದು ಲ್ಯೂಕಾಸ್-ಲೆಹ್ಮರ್ ಪರೀಕ್ಷೆ. 4ರಿಂದ ಶುರುಮಾಡಿ. ವರ್ಗ ಮಾಡಿ, 2 ಕಳೆಯಿರಿ, ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಇದನ್ನು ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಮಾಡಿ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. ಇರಬಹುದು, ಗಿರಬಹುದು ಏನೂ ಇಲ್ಲ. ಘಾತಾಂಕ 2 ಒಂದನ್ನು ಬಿಟ್ಟು ಬೇರೆಲ್ಲ ಅವಿಭಾಜ್ಯ ಘಾತಾಂಕಗಳಿಗೂ ಇದು ನಡೆಯುತ್ತದೆ.

ಚಿಕ್ಕದರಲ್ಲಿ ಕೈ ಪಳಗಿಸಿಕೊಳ್ಳಿ. 127ಕ್ಕೆ (2⁷ − 1) ಐದು ಹೆಜ್ಜೆ: 4, 14, 67, 42, 111, 0. ಸೊನ್ನೆ. 2047ಕ್ಕೆ ಒಂಬತ್ತು ಹೆಜ್ಜೆ: 4, 14, 194, 788, 701, 119, 1877, 240, 282, 1736. ಸೊನ್ನೆಯಲ್ಲ, ಔಟ್.

2147483647ಕ್ಕೆ 29 ಹೆಜ್ಜೆ. ಮೊದಲ ಕೆಲವು ಆರಾಮ: 4, 14, 194, 37634, 1416317954. ಇಲ್ಲಿಂದ ಮುಂದೆ ವರ್ಗ ಮಾಡಿದರೆ 19 ಅಂಕಿ ಬರುತ್ತದೆ, ಅದನ್ನು ಹತ್ತು ಅಂಕಿಯಿಂದ ಭಾಗಿಸಬೇಕು. ಹೆದರಬೇಡಿ, ಭಾಗಿಸುವುದೇ ಬೇಡ. 9ರಿಂದ ಭಾಗಿಸಿದಾಗಿನ ಶೇಷಕ್ಕೆ ಅಂಕಿಗಳನ್ನು ಕೂಡಿಸುತ್ತೇವಲ್ಲ, 9 ಅನ್ನುವುದು 10ಕ್ಕಿಂತ ಒಂದು ಕಡಿಮೆ ಇರುವುದರಿಂದ ಅದು ನಡೆಯುತ್ತದೆ. ನಮ್ಮ ಸಂಖ್ಯೆ 2³¹ಕ್ಕಿಂತ ಒಂದು ಕಡಿಮೆ. ಆದ್ದರಿಂದ ದೊಡ್ಡ ಸಂಖ್ಯೆಯನ್ನು ಬೈನರಿಯಲ್ಲಿ ಬಲದಿಂದ 31 ಅಂಕಿಗೆ ಕತ್ತರಿಸಿ, ಎಡದ ತುಂಡನ್ನೂ ಬಲದ ತುಂಡನ್ನೂ ಕೂಡಿಸಿದರೆ ಮುಗಿಯಿತು. ಮೊತ್ತ ಇನ್ನೂ ದೊಡ್ಡದಿದ್ದರೆ ಇನ್ನೊಮ್ಮೆ. 31ರಲ್ಲಿ ನೋಡುವುದಾದರೆ, 194 ಅಂದರೆ 32ರ ಆರು ಕಟ್ಟು ಮತ್ತು 2. 6 + 2 = 8. 194ನ್ನು 31ರಿಂದ ಭಾಗಿಸಿ ನೋಡಿ, ಶೇಷ 8 ತಾನೇ.

ಹೀಗೆ ಮಾಡಿದರೆ 1416317954ರ ಮುಂದಿನದು 669670838. ನಿಮಗೂ ಇದೇ ಬಂದರೆ ನಿಮ್ಮ ಲೆಕ್ಕ ಸರಿ ದಾರಿಯಲ್ಲಿದೆ. ಹಾಗೇ ಹೋಗಿ, 29ನೇ ಹೆಜ್ಜೆಗೆ ಸೊನ್ನೆ ಬರುತ್ತದೆ.

ಪ್ರೋಗ್ರಾಮ್ ಬರೆದು ಮಾಡುವವರಿಗೆ ಒಂದು ಎಚ್ಚರಿಕೆ. ಇಲ್ಲಿ ವರ್ಗ 2⁶²ರವರೆಗೆ ಹೋಗುತ್ತದೆ, 32 ಬಿಟ್‌ನಲ್ಲಿ ಹಿಡಿಸುವುದಿಲ್ಲ, 64 ಬಿಟ್ ಬೇಕು. ಜಾವಾಸ್ಕ್ರಿಪ್ಟ್‌ನಲ್ಲಿ ಸಾಮಾನ್ಯ ಸಂಖ್ಯೆ 9007199254740991 ದಾಟಿದರೆ ಕೊನೆಯ ಅಂಕಿಗಳು ಸದ್ದಿಲ್ಲದೆ ಹಾಳಾಗುತ್ತವೆ, ಯಾವ ತಪ್ಪನ್ನೂ ತೋರಿಸುವುದಿಲ್ಲ. ಸ್ಪ್ರೆಡ್‌ಶೀಟ್‌ಗಳೂ 15 ಅಂಕಿ ಆದಮೇಲೆ ಸೊನ್ನೆ ತುಂಬುತ್ತವೆ. ನಾನು ಮೊದಲ ಸಲ ಸ್ಪ್ರೆಡ್‌ಶೀಟ್‌ನಲ್ಲಿ ಮಾಡಿ, ಆಯ್ಲರ್ ತಪ್ಪು ಮಾಡಿದ್ದಾನೆ ಅಂತ ಒಂದು ಗಂಟೆ ಕಾಲ ಮನಸಾರೆ ನಂಬಿದ್ದೆ. ಪೈಥಾನ್‌ನಲ್ಲಿ ಈ ತಲೆನೋವಿಲ್ಲ.

ಒಳಗಿನ ಇನ್ನಷ್ಟು ಗುಣಗಳು

ಅವಿಭಾಜ್ಯ ಅಂತ ಖಾತ್ರಿಯಾದ ಮೇಲೆ ಒಂದು ಕಳೆದು ಅದನ್ನು ಒಡೆಯಿರಿ. 2147483646 = 2 × 3² × 7 × 11 × 31 × 151 × 331. ಇದರಿಂದ ಏನು ಉಪಯೋಗ? ಒಂದು ಸಂಖ್ಯೆಯಿಂದ ಮತ್ತೆ ಮತ್ತೆ ಗುಣಿಸಿ ಶೇಷ ತೆಗೆಯುತ್ತಾ ಹೋದರೆ ಎಷ್ಟು ಹೆಜ್ಜೆಗೆ 1ಕ್ಕೆ ವಾಪಸ್ ಬರುತ್ತೇವೆ ಅನ್ನುವುದನ್ನು ಇದು ನಿರ್ಧರಿಸುತ್ತದೆ. 2ರಿಂದ ಗುಣಿಸುತ್ತಾ ಹೋದರೆ 31 ಹೆಜ್ಜೆಗೇ ಮನೆಗೆ ವಾಪಸ್. 7ರಿಂದ ಹೋದರೆ ಎಲ್ಲ 2147483646 ಸಂಖ್ಯೆಗಳನ್ನೂ ಒಂದೊಂದು ಸಲ ಮುಟ್ಟಿಯೇ ವಾಪಸ್ ಬರುತ್ತದೆ. ಇಂಥದ್ದಕ್ಕೆ ಆದಿಮ ಮೂಲ ಅನ್ನುತ್ತಾರೆ. ಪರೀಕ್ಷಿಸುವುದು ಸುಲಭ: 2147483646ನ್ನು 2, 3, 7, 11, 31, 151, 331 ಒಂದೊಂದರಿಂದಲೂ ಭಾಗಿಸಿ, ಬಂದ ಏಳು ಘಾತಗಳಿಗೆ 7ನ್ನು ಏರಿಸಿ ಶೇಷ ನೋಡಿ. ಒಂದರಲ್ಲೂ 1 ಬರಬಾರದು.

7ರ ಬದಲು 7⁵, ಅಂದರೆ 16807 ತೆಗೆದುಕೊಂಡರೂ ಆ ಗುಣ ಉಳಿಯುತ್ತದೆ, ಯಾಕೆಂದರೆ ಮೇಲಿನ ಪಟ್ಟಿಯಲ್ಲಿ 5 ಇಲ್ಲ. 7² ಅಥವಾ 7³ ತೆಗೆದುಕೊಂಡರೆ ಕೆಡುತ್ತದೆ, 2 ಮತ್ತು 3 ಪಟ್ಟಿಯಲ್ಲಿವೆ. ಈ 16807 ಮತ್ತು 2147483647ರ ಜೋಡಿಯನ್ನೇ ಇಟ್ಟುಕೊಂಡು ಕಂಪ್ಯೂಟರ್‌ಗಳಲ್ಲಿ ಬಹಳ ಕಾಲ ಯಾದೃಚ್ಛಿಕ ಸಂಖ್ಯೆಗಳನ್ನು ಹುಟ್ಟಿಸುತ್ತಿದ್ದರು. 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಇದನ್ನೇ ಕನಿಷ್ಠ ಮಟ್ಟದ ಮಾನದಂಡವಾಗಿ ಇಟ್ಟುಕೊಳ್ಳಿ ಅಂದಿದ್ದರು. ಈಗ ಆಟಕ್ಕೆ ಸಾಕು, ಗುಪ್ತ ಸಂಕೇತಕ್ಕೆ ಬಳಸಬೇಡಿ. ಒಂದು ಸಂಖ್ಯೆ ಕಂಡರೆ ಮುಂದಿನದನ್ನು ಯಾರು ಬೇಕಾದರೂ ಹೇಳಿಬಿಡುತ್ತಾರೆ.

ಒಂದು ಕೂಡಿಸಿದರೆ ಸಿಗುವ ಗುಣವೂ ಇದೆ. ಈ ಸಂಖ್ಯೆಯ ಶೇಷಗಳ ಲೋಕದಲ್ಲಿ ವರ್ಗಮೂಲ ತೆಗೆಯುವುದು ಅಂದರೆ 29 ಸಲ ವರ್ಗ ಮಾಡುವುದು! ಕೇಳಿದರೆ ತಲೆಕೆಳಗು ಅನ್ನಿಸುತ್ತದೆ. ಆದರೆ 4ರಿಂದ ಭಾಗಿಸಿದಾಗ ಶೇಷ 3 ಬರುವ ಅವಿಭಾಜ್ಯಗಳಲ್ಲಿ, ಒಂದು ಕೂಡಿಸಿ 4ರಿಂದ ಭಾಗಿಸಿದ ಘಾತಕ್ಕೆ ಏರಿಸಿದರೆ ವರ್ಗಮೂಲ ಬರುತ್ತದೆ. ಇಲ್ಲಿ ಅದು 2²⁹. ವರ್ಗಮೂಲವೇ ಇಲ್ಲದ ಸಂಖ್ಯೆಗೆ ಮಾಡಿದರೆ ಅದರ ಋಣದ ವರ್ಗಮೂಲ ಸಿಗುತ್ತದೆ, ಆದ್ದರಿಂದ ಕೊನೆಗೆ ಒಮ್ಮೆ ವರ್ಗ ಮಾಡಿ ತಾಳೆ ನೋಡಿಕೊಳ್ಳಿ.

ಪರಿಪೂರ್ಣ ಸಂಖ್ಯೆಯನ್ನು ಹೇಳದೆ ಬಿಟ್ಟರೆ ಯಾರಾದರೂ ಜಗಳಕ್ಕೆ ಬರುತ್ತಾರೆ. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತಾನೇ ಆಗಿರುವ ಸಂಖ್ಯೆ, 6 = 1 + 2 + 3 ಇದ್ದ ಹಾಗೆ. ನಮ್ಮ ಸಂಖ್ಯೆಯನ್ನು 2³⁰ರಿಂದ ಗುಣಿಸಿದರೆ 2305843008139952128 ಅನ್ನುವ ಪರಿಪೂರ್ಣ ಸಂಖ್ಯೆ ಸಿಗುತ್ತದೆ. 1811ರಲ್ಲಿ ಪೀಟರ್ ಬಾರ್ಲೋ, ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನು ಯಾರೂ ಹುಡುಕುವುದಿಲ್ಲ, ಉಪಯೋಗವಿಲ್ಲದ ಕೆಲಸಕ್ಕೆ ಯಾರು ಕೂರುತ್ತಾರೆ ಅನ್ನುವ ಅರ್ಥದಲ್ಲಿ ಬರೆದ. ಪಾಪ.

ನೆರೆಹೊರೆಯನ್ನೂ ನೋಡಿ. ಇದರ ಹಿಂದಿನ ಅವಿಭಾಜ್ಯ 2147483629, ಮುಂದಿನದು 2147483659. ಅಂದರೆ ಹಿಂದೆ 18, ಮುಂದೆ 12 ಅಂತರ. ಈ ಎತ್ತರದಲ್ಲಿ ಸರಾಸರಿ ಅಂತರ 21.5ರಷ್ಟು, ಇದು 31ನ್ನು 0.693ರಿಂದ (2ರ ಸಹಜ ಲಾಗರಿದಂ) ಗುಣಿಸಿದರೆ ಸಿಗುತ್ತದೆ. ಅವಿಭಾಜ್ಯಗಳನ್ನು 2ರಿಂದ ಎಣಿಸುತ್ತಾ ಬಂದರೆ ನಮ್ಮದು 105097565ನೆಯದು.

ಇದೇ ಕೈಚಳಕವನ್ನು ದೊಡ್ಡಣ್ಣನ ಮೇಲೆ

2024ರ ಅಕ್ಟೋಬರ್‌ನಲ್ಲಿ ಗಿಂಪ್ಸ್ ಯೋಜನೆಯಲ್ಲಿ (ಮರ್ಸೆನ್ ಅವಿಭಾಜ್ಯಗಳನ್ನು ಹುಡುಕುವ ಸ್ವಯಂಸೇವಕರ ಕೂಟ) ಲ್ಯೂಕ್ ಡ್ಯುರಾಂಟ್ ಅನ್ನುವವರು 2ರ 136279841ನೇ ಘಾತದಲ್ಲಿ ಒಂದು ಕಳೆದ ಸಂಖ್ಯೆ ಅವಿಭಾಜ್ಯ ಅಂತ ಕಂಡುಕೊಂಡರು. ಗೊತ್ತಿರುವ 52ನೇ ಮರ್ಸೆನ್ ಅವಿಭಾಜ್ಯ ಇದು. ಅಲ್ಲಿ ಮೊದಲ ಹಂತದ ಪರೀಕ್ಷೆಗೆ ಯಾವ ಸಂಖ್ಯೆ ಬಳಸುತ್ತಾರೆ ಊಹಿಸಿ: 3. ಆಮೇಲೆ ಖಾತ್ರಿಗೆ ಲ್ಯೂಕಾಸ್-ಲೆಹ್ಮರ್.

ನಿಮ್ಮಿಂದ ಆ ಪರೀಕ್ಷೆ ಆಗದು. ಆದರೆ ತಲೆ, ಬಾಲ, ಉದ್ದ ಹೇಳಬಹುದು. 136279841ನ್ನು 0.301029995664ರಿಂದ ಗುಣಿಸಿ (ಇಲ್ಲಿ 0.30103 ಸಾಲದು, ದಶಾಂಶ ಜಾಸ್ತಿ ಬೇಕು): 41024319.945 ಬರುತ್ತದೆ. ಅಂದರೆ 41024320 ಅಂಕಿ, ನಾಲ್ಕು ಕೋಟಿಗೂ ಜಾಸ್ತಿ. 0.945ರಿಂದ ತಲೆ 8.81. ಬಾಲಕ್ಕೆ 100ರ ಸುತ್ತಿನಲ್ಲಿ 41, 2⁴¹ ಅಂದರೆ 2199023255552, ಕೊನೆಯ ಮೂರು 552, ಒಂದು ಕಳೆದು 551. 9ರಿಂದ ಭಾಗಿಸಿದರೆ ಶೇಷ ಎಷ್ಟು ಅನ್ನುವುದನ್ನು ನೀವೇ ಮಾಡಿ. 4 ಬರಬೇಕು.

ಇನ್ನೂ ಹುಚ್ಚು ಹತ್ತಿದವರಿಗೆ ಕೊನೆಯದೊಂದು. 31 ತಾನೇ 2⁵ − 1. ಹಾಗಿದ್ದರೆ ನಮ್ಮ 2147483647ನ್ನೇ ಘಾತಾಂಕ ಮಾಡಿ 2ನ್ನು ಏರಿಸಿ ಒಂದು ಕಳೆದರೆ? 646456993 ಅಂಕಿಯ ಸಂಖ್ಯೆ ಬರುತ್ತದೆ. ಅದು ಅವಿಭಾಜ್ಯವಲ್ಲ, 295257526626031 ಅದನ್ನು ಭಾಗಿಸುತ್ತದೆ. ಆಯ್ಲರನ ಜರಡಿ ಹಿಡಿದು ನೋಡಿ: ಈ ಭಾಜಕದಲ್ಲಿ ಒಂದು ಕಳೆದು, 2147483647ರ ಎರಡರಷ್ಟರಿಂದ ಭಾಗಿಸಿ. ಸರಿಯಾಗಿ 68745 ಬರುತ್ತದೆ, ಶೇಷವಿಲ್ಲ. ಕೊನೆಯ ಮೂರು ಅಂಕಿ 031, ಅದನ್ನು 8ರಿಂದ ಭಾಗಿಸಿದರೆ ಶೇಷ 7.